ಪ್ಲೈವುಡ್ ವಾಡೆಯ ಸೊಸೆ

ಹೊಸ ಪ್ಲೈವುಡ್ಡಿಗೆ ಬಣ್ಣ ಬಳಿದಾಗ ಒಂದು ವಾಸನೆ ಬರುತ್ತದೆ, ನೋಡಿ. ಅರ್ಧ ಗೋಂದು, ಅರ್ಧ ಟರ್ಪೆಂಟೈನ್. ಮೂಗಿಗೆ ಚುಚ್ಚುತ್ತದೆ, ಆದರೂ ಮುಖ ತಿರುಗಿಸಿಕೊಳ್ಳಬೇಕು ಅನ್ನಿಸುವುದಿಲ್ಲ. ಹೋದ ಭಾನುವಾರ ಮಗಳನ್ನೂ ಅವಳ ಗೆಳತಿಯರನ್ನೂ ಕರೆದುಕೊಂಡು ಹುಬ್ಬಳ್ಳಿಯ ಮಾಲೊಂದಕ್ಕೆ ಹೋಗಿದ್ದಾಗ ಆ ವಾಸನೆ ಮತ್ತೆ ಸಿಕ್ಕಿತು. ಟಿವಿಯಲ್ಲಿ ಬರುವ ಯಾವುದೋ ಕಾರ್ಟೂನಿನ ಕೋಟೆಯನ್ನು ಅಲ್ಲಿ ಎರಡಾಳೆತ್ತರ ಕಟ್ಟಿ ನಿಲ್ಲಿಸಿದ್ದರು. ಒಳಗೆ ಹೊಕ್ಕು, ಜಾರಿ, ಫೋಟೋ ತೆಗೆಸಿಕೊಂಡು ಹೊರಬರುವುದು. ಹುಡುಗಿಯರು ಒಳಗೆ ಹೋಗುವುದನ್ನೇ ಬಿಟ್ಟು ಬಾಗಿಲಲ್ಲಿ ನಿಂತು ಜಗಳಕ್ಕೆ ಬಿದ್ದರು. ಒಬ್ಬಳ ಪ್ರಕಾರ ಬುರುಜು ಎಡಕ್ಕಿರಬೇಕಿತ್ತು. ಇನ್ನೊಬ್ಬಳ ಪ್ರಕಾರ ಆ ಕಾರ್ಟೂನೇ ಕೂಸುಗಳದ್ದು, ಬುದ್ಧಿ ಇದ್ದವರು ನೋಡುವಂಥದ್ದಲ್ಲ. ನನ್ನ ಮಗಳು ಸೊಂಟದ ಮೇಲೆ ಕೈಯಿಟ್ಟು, "ಇದನ್ನ ಕಟ್ಟಿದಾಂವ ಒಂದ ದಿನಾನೂ ಅದನ್ನ ನೋಡಿಲ್ಲ, ಬೇಕಾದ್ರ ಕೇಳ್ರಿ" ಎಂದು ತೀರ್ಪು ಕೊಟ್ಟಳು.

ನಾನು ಬೆಂಚಿನ ಮೇಲೆ ಕುಳಿತು ನಕ್ಕೆ. ಆ ದನಿ ಅವಳದಲ್ಲ, ಅವಳ ಅಜ್ಜಿಯದು.

ನಮ್ಮ ಅತ್ತೆ ನೀಲವ್ವ ಹುಟ್ಟಿದ್ದು ಚಚಡಿಯಲ್ಲಿ, ಬಾಳಿದ್ದು ಬೈಲಹೊಂಗಲದಲ್ಲಿ. ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅತ್ತೆ ಯಾವುದನ್ನೂ ಬಾಯಿಮಾತಿಗೆ ನಂಬಿದವರಲ್ಲ. ಕೋಳಿ ಕೂಗಿದರೆ ಬೆಳಗಾಗಿದೆಯೋ ಇಲ್ಲವೋ ಎಂದು ಹಿತ್ತಲ ಬಾಗಿಲು ತೆಗೆದು ನೋಡುವವರು. ನಾನು ಧಾರವಾಡದಲ್ಲಿ ಬಿ.ಎ. ಓದಿ ಅವರ ಮನೆಗೆ ಸೊಸೆಯಾಗಿ ಬಂದಾಗ, ಅಭಿನಂದಿಸಲು ಬಂದವರೆದುರಿಗೇ, "ಪಾಸಾಗೇನಿ ಅಂತಾಳ. ಖರೇನೋ ಏನೋ, ಕಡ್ಲಿಬ್ಯಾಳಿಗೂ ತೊಗರಿಬ್ಯಾಳಿಗೂ ಫರಕ ಗೊತ್ತಾಗವಲ್ದು" ಅಂದಿದ್ದರು. ಫರಕು ನನಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಆದರೆ ಈ ಗುಣದಿಂದಾಗಿ ಅವರಿಗೆ ಊರಲ್ಲಿ ಒಂದು ಘನತೆಯಿತ್ತು. ಸೀರೆಯ ಜರಿ, ತುಪ್ಪದ ವಾಸನೆ, ಗಂಡಿನ ಕಡೆಯವರ ನಯವಾದ ಮಾತು, ಎಲ್ಲವೂ ಪರೀಕ್ಷೆಗೆ ಬರುತ್ತಿದ್ದುದು ಅವರ ಬಳಿಗೇ. ನೀಲವ್ವ ಹೂಂ ಅಂದರೆ ಅದು ಅಸಲಿ.

ಎದುರು ಮನೆಯ ಜೈತೂನಕ್ಕ ಇದಕ್ಕೆ ತದ್ವಿರುದ್ಧ. ಅವರ ಗಂಡ ಸರ್ಕಾರಿ ಬಸ್ಸಿನ ಡ್ರೈವರು. ಜೈತೂನಕ್ಕ ಯಾರು ಏನು ಹೇಳಿದರೂ ನಂಬುತ್ತಿದ್ದರು. ಬೆಕ್ಕು ಅಡ್ಡ ಬಂದರೆ, "ಅದಕ್ಕೂ ಏನೋ ಕೆಲಸ ಇದ್ದೀತು" ಅನ್ನುವವರು. ಇವರಿಬ್ಬರ ಸ್ನೇಹ ಹೇಗೆ ಬೆಳೆಯಿತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಹುಶಃ ಒಬ್ಬರಿಗೆ ಬಯ್ಯಲು ಯಾರಾದರೂ ಬೇಕಿತ್ತು, ಇನ್ನೊಬ್ಬರಿಗೆ ಬಯ್ಯಿಸಿಕೊಂಡರೂ ನಡೆಯುತ್ತಿತ್ತು.

ಕೇಬಲ್ಲು ನಮ್ಮ ಓಣಿಗೆ ಬಂದ ಹೊಸತು ಅದು. ದಿನಾ ಸಂಜೆ ಒಂದು ಸೀರಿಯಲ್ಲು ಬರುತ್ತಿತ್ತು. ಅದಕ್ಕೆ ಏನೋ ಉದ್ದದ ಹೆಸರಿತ್ತು, ನಮ್ಮ ಕಡೆ ಎಲ್ಲರೂ ಕರೆದದ್ದು ಮಾತ್ರ 'ವಾಡೇದ ಸೀರಿಯಲ್' ಎಂದು. ದೇಸಾಯರ ಕಾಲದ ಅರಮನೆಯಂಥ ದೊಡ್ಡ ವಾಡೆ, ಅದರಲ್ಲೊಬ್ಬ ಮಾವ, ಅವನ ಔಷಧದಲ್ಲಿ ಯಾರೋ ವಿಷ ಬೆರೆಸಿದ್ದಾರೆ, ಸಂಶಯ ಸೊಸೆ ಮೃಣಾಲಿನಿಯ ಮೇಲೆ. ಅವಳು ದಿನಾ ಅಳುತ್ತಾಳೆ. ಅತ್ತೆಯ ಬಾಯಲ್ಲಿ ಆ ಹೆಸರು ಹೊರಳದೆ 'ಮುರುಣಾಳಿನಿ' ಆಗಿತ್ತು.

"ವಿಷಾ ಹಾಕ್ದಾಕಿ ಆಕೀನ. ಅಳೋ ಮಂದೀನ ನಂಬಬಾರ್ದು" ಎಂದು ಅತ್ತೆ.

"ಪಾಪ, ಆಕಿ ಅಂಥಾಕಿ ಅಲ್ಲ ನೀಲಕ್ಕಾ" ಎಂದು ಜೈತೂನಕ್ಕ. ಅವರಿಗೆ ಅಸಲಿಗೆ ಇಷ್ಟವಿದ್ದುದು ಶುಕ್ರವಾರದ ದೆವ್ವದ ಸೀರಿಯಲ್ಲು. ಇದನ್ನು ಅತ್ತೆಯ ಸಲುವಾಗಿ ನೋಡುತ್ತಿದ್ದರು. ನಾನಂತೂ ಪದವೀಧರೆ, ಇಂಥದ್ದನ್ನೆಲ್ಲ ನೋಡುವವಳಲ್ಲ. ಅಷ್ಟೊತ್ತಿಗೆ ಸರಿಯಾಗಿ ಟಿವಿಯ ಮುಂದೆ ಕುಳಿತು ಮೆಂತ್ಯೆಸೊಪ್ಪು ಸೋಸುವ ಕೆಲಸ ಬರುತ್ತಿತ್ತು, ಅಷ್ಟೆ. ಕರೆಂಟು ಹೋದ ದಿನ ಪಕ್ಕದ ಓಣಿಯವರನ್ನು ಕರೆದು ಕಥೆ ಕೇಳಬೇಕಾಗುತ್ತಿತ್ತು. ಅತ್ತೆ ಒಬ್ಬರ ಮಾತಿಗೆ ಒಪ್ಪದೆ ಇಬ್ಬರನ್ನು ಬೇರೆ ಬೇರೆ ಕೂಡಿಸಿ ಕೇಳಿ, ಎರಡೂ ಕಥೆ ಹೊಂದದಿದ್ದರೆ ಇಬ್ಬರನ್ನೂ ಬಯ್ದು ಕಳಿಸುತ್ತಿದ್ದರು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಿಗೆ ಎಕ್ಸಿಬಿಷನ್ ಬಂತು. ತಿರುಗುವ ತೊಟ್ಟಿಲು, ಮಿರ್ಚಿ ಭಜಿ, ಬಳೆ ಅಂಗಡಿ, ಇವೆಲ್ಲ ಯಾವಾಗಲೂ ಇದ್ದವೇ. ಈ ಸಲದ ಹೊಸತೆಂದರೆ ಅದೇ ವಾಡೆ. ಆಟೋದಲ್ಲಿ ಮೈಕು ಕಟ್ಟಿಕೊಂಡು ಓಣಿ ಓಣಿಗೆ ಸಾರಿದರು: "ನಿಮ್ಮ ಅಚ್ಚುಮೆಚ್ಚಿನ ಸೀರಿಯಲ್ಲಿನ ವಾಡೆ! ಒಳಗ ಬಂದ ನೋಡ್ರಿ! ಸೊಸಿ ಮೃಣಾಲಿನಿ, ಪ್ರತ್ಯಕ್ಷ!"

ಊರು ಅವತ್ತೇ ಎರಡಾಯಿತು. ಟಿವಿಯವಳು ಬೈಲಹೊಂಗಲಕ್ಕೆ ಯಾಕೆ ಬಂದಾಳು ಎನ್ನುವವರು ಒಂದು ಕಡೆ, ಯಾಕೆ ಬರಬಾರದು, ನಮ್ಮೂರಿಗೇನು ಕಡಿಮೆ ಎನ್ನುವವರು ಇನ್ನೊಂದು ಕಡೆ. ನಾವು ಮೂವರೂ ಹೋದೆವು.

ಅತ್ತೆ ಹೊಸ್ತಿಲಲ್ಲೇ ನಿಂತು ಕಂಬಕ್ಕೆ ಬೆರಳಿನಿಂದ ತಟ್ಟಿದರು. ಟೊಳ್ಳು ಸದ್ದು ಬಂತು. ಹೊಸ ಬಣ್ಣದ ಘಾಟು ಒಳಗೆಲ್ಲ ತುಂಬಿತ್ತು. "ನಮ್ಮ ಚಚಡಿ ವಾಡೇದ ಕಂಬ ಇಬ್ಬರು ಅಪ್ಪಿಕೊಂಡ್ರೂ ಕೈಗೆ ಸಿಗೂದಿಲ್ಲ. ಮತ್ತ ಇದೇನಿದು, ಬಾಗಲಾ ದಾಟಿದ ಕೂಡಲೇ ಅಡಗಿಮನಿ? ಬೀಗರು ಬಂದ್ರ ಮರ್ಯಾದಿ ಉಳಿತೇತೇನು?" ಎಂದರು. ಪಕ್ಕದ ಹೆಂಗಸೊಬ್ಬಳು, ಸೀರಿಯಲ್ಲಿನ ತೂಗುಮಂಚಕ್ಕೆ ಹಿತ್ತಾಳೆಯ ಸರಪಳಿ, ಇಲ್ಲಿ ಕಬ್ಬಿಣಕ್ಕೆ ಹಳದಿ ಬಣ್ಣ ಬಳಿದಿದ್ದಾರೆ ಎಂದು ತನ್ನ ದೂರನ್ನೂ ಸೇರಿಸಿದಳು. ಕತ್ತಲೆ ಕೋಣೆಯ ಮಂಚದ ಕೆಳಗಿಂದ ಒಂದು ದೆವ್ವ ಚೀರಿತು. ಆ ಸೀರಿಯಲ್ಲಿನಲ್ಲಿ ದೆವ್ವವೇ ಇರಲಿಲ್ಲ. ಜೈತೂನಕ್ಕ ಮಾತ್ರ ಖುಷಿಯಿಂದ, "ಸೀರಿಯಲ್ ಅಂದ್ರ ಹಿಂಗಿರಬೇಕು" ಅಂದರು.

ಕೊನೆಯ ಕೋಣೆಯಲ್ಲಿ ತೂಗುಮಂಚದ ಮೇಲೆ ಅವಳು ಕುಳಿತಿದ್ದಳು. ಹಸಿರು ಸೀರೆ, ದೊಡ್ಡ ನತ್ತು, ಹಣೆಯವರೆಗೆ ಸೆರಗು, ಮುಖದ ತುಂಬ ಪೌಡರು. ಬಂದವರಿಗೆಲ್ಲ ಕೈ ಮುಗಿಯುತ್ತಿದ್ದಳು, ಮಾತಿಲ್ಲ. "ಮೃಣಾಲಿನಿಯವರು ಮೌನವ್ರತದಾಗ ಅದಾರ್ರಿ" ಎಂದ ಆಟೋದಲ್ಲಿ ಸಾರಿದ್ದ ಮೈಕಿನವನು, ಪಕ್ಕದಲ್ಲಿ ನಿಂತು. ಅತ್ತೆ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಇಕಿ ಆಕಿ ಅಲ್ಲ. ಟೀವ್ಯಾಗಿನಾಕಿ ಹಿಮ್ಮಡಿ ಬೆಣ್ಣಿಯಂಗ ಅದಾವು. ಇಕಿ ಹಿಮ್ಮಡಿ ನೋಡ್ರಿ, ಬ್ಯಾಸಗ್ಯಾಗ ಎರಿಹೊಲ ಬಿರಿದಂಗ ಬಿರ್ದಾವು."

ಜನ ನಕ್ಕರು. ಮೈಕಿನವನು ಮುಂದೆ ಹೋಗಿರೆಂದು ಕೈ ಎತ್ತಿ ಬೀಸಿದ. ಆಗ ಜೈತೂನಕ್ಕ, ಎಂದೂ ದನಿ ಏರಿಸದವರು, ಇಡೀ ಕೋಣೆಗೆ ಕೇಳುವಂತೆ, "ಏ, ಇಕೀನ ಆಕಿ! ನಾ ಬೇಕಾದ್ರ ಆಣಿ ಮಾಡತೇನಿ" ಅಂದುಬಿಟ್ಟರು.

ಅತ್ತೆಗೆ ಅವಮಾನವಾಯಿತು. ದಾರಿಯುದ್ದಕ್ಕೂ ಜಗಳ. "ನಿನಗ ಕಣ್ಣ ಅದಾವೋ ಇಲ್ಲೋ? ಯಾರರೇ ಬಂದು ಕತ್ತಿಗೆ ಕುದರಿ ಅಂದ್ರ ಏರಿ ಕುಂಡ್ರಾಕಿ ನೀ" ಎಂದರು ಅತ್ತೆ. ಜೈತೂನಕ್ಕ ತಮ್ಮ ಬಾಗಿಲು ಹಾಕಿಕೊಂಡರು. ಮರುದಿನದಿಂದ ಸೀರಿಯಲ್ಲಿಗೂ ಬರಲಿಲ್ಲ. ಓಣಿಯಲ್ಲಿ ಹೆಂಗಸರು ಅವರನ್ನು ಕಂಡಾಗಲೆಲ್ಲ "ಮೃಣಾಲಿನಿ ಆರಾಮ ಅದಾಳೇನ್ರಿ?" ಎಂದು ಕಿಚಾಯಿಸುತ್ತಿದ್ದರು.

ಅತ್ತೆಗೆ ಗೆದ್ದ ಸಮಾಧಾನವಿರಲಿಲ್ಲ. ಪುರಾವೆ ಬೇಕಿತ್ತು. ಜನ ಕಡಿಮೆಯಿರುವ ದಿನ ನೋಡಿ ನನ್ನೊಬ್ಬಳನ್ನೇ ಕರೆದುಕೊಂಡು ಮತ್ತೆ ಹೊರಟರು. ಮೈಕಿನವನನ್ನು ಮಾತಿಗೆಳೆಯುವುದು ನನ್ನ ಪಾಲಿನ ಕೆಲಸ. ಅವನಿಗೆ ವಾಡೆ ಕಟ್ಟಿದ ಕಥೆ ಹೇಳಲು ಹಚ್ಚಿ, ಪ್ಲೈವುಡ್ಡಿನ ಗೋಡೆಗೆ ಕಿವಿ ಕೊಟ್ಟು ನಿಂತೆ. ನನ್ನ ಡಿಗ್ರಿ ಉಪಯೋಗಕ್ಕೆ ಬಂದದ್ದು ಇಂಥ ಕೆಲಸಕ್ಕೆ.

"ಯಾವೂರವಾ ನಿಂದು? ಮುಂಗೈ ಮ್ಯಾಲಿನ ಹಚ್ಚಿಬಟ್ಟ ಪೌಡರಿಗೆ ಮುಚ್ಚಿಲ್ಲ. ಸುಳ್ಳ ಹೇಳಬ್ಯಾಡ" ಎಂದು ಅತ್ತೆ ಕೇಳಿದ್ದು ಕೇಳಿಸಿತು.

ಸಣ್ಣ ದನಿಯಲ್ಲಿ ಉತ್ತರ ಬಂತು. "ಸುರೇಬಾನದ ಬಾಜೂಕರಿ. ಹೆಸರ ಕೇಳಬ್ಯಾಡ್ರಿ. ಗಂಡನ ಮನಿ ಬಿಟ್ಟ ಬಂದೇನ್ರಿ. ಅಂವ ಭಾಳ ಬಡೀತಿದ್ದರಿ. ತವರಿಗೆ ಹೋದ್ರ ತಿರುಗಿ ಅಲ್ಲೇ ಕಳಿಸ್ತಾರ್ರಿ. ಈ ಬಣ್ಣದಾಗ ಯಾರಿಗೂ ಗುರ್ತ ಹತ್ತೂದಿಲ್ಲ ಅಂತ ಇಲ್ಲೆ ಕುಂತೇನ್ರಿ. ನಿಮ್ಮ ಕಾಲ ಹಿಡೀತೇನಿ, ಯಾರ ಮುಂದೂ ಅನಬ್ಯಾಡ್ರಿ." ಆಮೇಲೆ ಬಿಕ್ಕುವ ಸದ್ದು.

ಹೊರಗೆ ಬಂದ ಅತ್ತೆಯ ಮುಖ ಗಂಟಿಕ್ಕಿತ್ತು. "ಅಳತಾಳ" ಅಂದರು. ಅಳುವುದೇ ಅವಳ ತಪ್ಪು ಅನ್ನುವ ಹಾಗೆ.

ನಿಜ ಹೇಳುತ್ತೇನೆ, ನನಗೂ ನಂಬಿಕೆ ಬರಲಿಲ್ಲ. ತಲೆ ಮರೆಸಿಕೊಂಡವಳು ಊರೆಲ್ಲ ಬಂದು ನೋಡುವ ತೂಗುಮಂಚದ ಮೇಲೆ ಬಂದು ಕುಳಿತಾಳೆಯೇ? ಈ ಕಥೆಯನ್ನೂ ಮೈಕಿನವನೇ ಕಲಿಸಿರಬಹುದಲ್ಲ? ಅತ್ತೆಯೂ ಅದನ್ನೇ ಅಂದರು. ಯಾರದೋ ಬಂಗಾರ ಕದ್ದು ಓಡಿಬಂದಿರಬಹುದು, ಗಂಡ ಪಾಪದವನಿರಬಹುದು, ಗಂಡನೇ ಇಲ್ಲದಿರಬಹುದು. ಮನೆ ಮುಟ್ಟುವಷ್ಟರಲ್ಲಿ ಆ ಹುಡುಗಿಯ ಮೇಲೆ ನಾವು ಹೊರಿಸದ ಸಂಶಯವಿರಲಿಲ್ಲ. ಆದರೂ ಅತ್ತೆ ಓಣಿಯಲ್ಲಿ ಬಾಯಿ ಬಿಡಲಿಲ್ಲ. "ಪೂರಾ ತಿಳೀಲಾರದ ಮಾತಾಡಬಾರ್ದು" ಎಂದಷ್ಟೇ ಹೇಳಿ ನನಗೂ ಆಡಗೊಡಲಿಲ್ಲ.

ಎಕ್ಸಿಬಿಷನ್ನಿನ ಕೊನೆಯ ಭಾನುವಾರ ಜಾತ್ರೆಯಂತೆ ಜನ. ಜೈತೂನಕ್ಕನೂ ಬಂದಿದ್ದರು, ನಮ್ಮಿಂದ ಮಾರು ದೂರ ಕಾಯ್ದುಕೊಂಡು. ನಾವು ಕೊನೆಯ ಕೋಣೆಗೆ ಹೋದಾಗ ಅಲ್ಲಿ ಗದ್ದಲವೆದ್ದಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಒಬ್ಬ ಗಂಡಸು ತೂಗುಮಂಚದ ಮುಂದೆ ನಿಂತು ಅಳುತ್ತಿದ್ದ.

"ನನ್ನ ಹೇಣ್ತಿರಿ ಇಕಿ. ರಾಮದುರ್ಗದಿಂದ ಹುಡುಕ್ಕೋತ ಬಂದೇನ್ರಿ. ಕೈ ಮುಗಿತೇನಿ, ಮನಿಗೆ ಕಳಿಸಿಕೊಡ್ರಿ."

ಜನರ ಕರುಳು ಚುರ್ ಅಂದಿತು. ಗಂಡಸು ಅಳುವುದನ್ನು ನೋಡಿದರೆ ನಮ್ಮ ಕಡೆ ಯಾರಿಗಾದರೂ ಹಾಗೇ. ಒಬ್ಬರು, "ಹೋಗವಾ ತಂಗಿ, ಗಂಡನ ಕೂಡ" ಅಂದೂ ಬಿಟ್ಟರು. ಹುಡುಗಿ ಅಲುಗಾಡಲಿಲ್ಲ. ಅವನು ಕಣ್ಣೊರೆಸಿಕೊಂಡು ಒಂದು ಹೆಜ್ಜೆ ಮುಂದಿಟ್ಟ, ಅಷ್ಟೆ. ಅವನ ಕೈ ಇನ್ನೂ ಮೇಲೇಳುವ ಮೊದಲೇ ಅವಳ ಮೊಳಕೈ ಎದ್ದು ಮುಖಕ್ಕೆ ಅಡ್ಡ ಬಂದಿತ್ತು. ಅವನು ಅವಳ ಜಡೆ ಹಿಡಿದ.

"ಇಕಿ ಮಾರಿ ತೊಳೀರಿ, ಗೊತ್ತಾಗತೇತಿ" ಅಂದ. ಈಗ ದನಿಯಲ್ಲಿ ಅಳುವಿರಲಿಲ್ಲ.

ಮೈಕಿನವನು ಮೂಲೆ ಸೇರಿದ್ದ. ಯಾರೋ ಕೂಗಿದರು: "ನೀಲವ್ವಾರ ಇಲ್ಲೇ ಅದಾರಲ್ಲ! ಅವರನ್ನ ಕೇಳ್ರಿ, ಇಕಿ ಟೀವ್ಯಾಗಿನಾಕಿ ಹೌದೋ ಅಲ್ಲೋ."

ಜನ ದಾರಿ ಬಿಟ್ಟರು. ಅತ್ತೆ ಮುಂದೆ ಹೋದರು. ಎಲ್ಲರೆದುರಿಗೂ ಇವಳು ಅವಳಲ್ಲ ಎಂದು ಮೊದಲ ದಿನವೇ ಹೇಳಿದ್ದವರು ಅವರು, ಹೇಳಿದ ಮಾತು ತಿರುಗಿಸಿದ ಚರಿತ್ರೆಯೇ ಅವರಿಗಿರಲಿಲ್ಲ. ಆ ಗಂಡಸು ವಿನಯದಿಂದ, "ನೀವ ಹೇಳ್ರಿ ಯವ್ವಾರ. ಇಕಿ ಸುರೇಬಾನದಾಕಿ ಹೌದಲ್ಲೋ?" ಎಂದು ಕೇಳಿದ. ಜಡೆ ಬಿಟ್ಟಿರಲಿಲ್ಲ.

"ಮೊದಲ ಜಡಿ ಬಿಡು" ಅಂದರು ಅತ್ತೆ. ಬಿಟ್ಟ. ಅತ್ತೆ ಹುಡುಗಿಯ ಗದ್ದ ಎತ್ತಿ ನೋಡಿದರು. ಆಮೇಲೆ ಜನರ ಕಡೆ ತಿರುಗಿದರು.

"ನಾ ಅವತ್ತ ತಪ್ಪ ನೋಡಿದ್ದೆ. ಆಮ್ಯಾಲೆ ಮತ್ತೊಮ್ಮೆ ಬಂದು ಮಾತಾಡಿಸಿ ಹೋಗೇನಿ. ಬೆಂಗಳೂರ ಮಾತಾಡತಾಳ, ನಮ್ಮ ಮಾತ ಬರೂದಿಲ್ಲ ಆಕಿಗೆ. ಇಕಿ ಮುರುಣಾಳಿನಿ. ಅಸಲಿ."

ನೀಲವ್ವನೇ ನಂಬಿದ ಮೇಲೆ ಇನ್ನಾರು ಸಂಶಯಪಡುತ್ತಾರೆ? ಅಲ್ಲಿಯವರೆಗೆ ಇವಳು ಖೋಟಾ ಎಂದು ವಾದಿಸಿದ್ದವರೇ ಮೊದಲು ಎದ್ದರು. "ನಮ್ಮ ಮೃಣಾಲಿನಿ ಮೈಮ್ಯಾಲೆ ಕೈ ಹಾಕತೀಯೇನಲೇ?" ಎಂದು ಆ ಬಿಳಿ ಅಂಗಿಯವನನ್ನು ದಬ್ಬಿಕೊಂಡೇ ಬಯಲಿನಾಚೆ ಬಸ್ ಸ್ಟ್ಯಾಂಡಿನವರೆಗೆ ಒಯ್ದರು. ದಾರಿಯುದ್ದಕ್ಕೂ ಅವನು ಖರೇ ಮಾತನ್ನೇ ಹೇಳುತ್ತಿದ್ದ. ಯಾರೂ ಕೇಳಲಿಲ್ಲ.

ಮನೆಗೆ ಬಂದು ಅತ್ತೆ ನೀರು ಕುಡಿದು ಗೋಡೆಗೆ ಒರಗಿದರು. "ಆಕಿ ಹೇಳಿದ್ದು ಖರೇನೋ ಸುಳ್ಳೋ, ಇನ್ನೂ ಗೊತ್ತಿಲ್ಲ ನನಗ" ಎಂದರು. ಆಮೇಲೆ, "ಆದ್ರ ಅಂವ ಕೈ ಎತ್ತೂಕಿಂತ ಮೊದಲ ಆಕಿ ಮಳಕೈ ಎದ್ದಿತ್ತು, ನೋಡಿದೇನು? ಅದನ್ನ ಯಾರೂ ಕಲಿಸಿರೂದಿಲ್ಲ" ಎಂದರು.

ಅಷ್ಟರಲ್ಲಿ ಜೈತೂನಕ್ಕ ಬಂದು ಹೊಸ್ತಿಲ ಮೇಲೆ ಕುಳಿತರು. ಜಗಳವಾದ ಮೇಲೆ ಅದೇ ಮೊದಲು.

"ನಾ ಮೊದಲನೇ ದಿನಾನ ನೋಡಿದ್ದೆ ನೀಲಕ್ಕಾ. ಆ ಮೈಕಿನಾಂವ ಕೈ ಬೀಸಿದಾಗ ಹಿಂಗ ಮುದುಡಿಕೊಂಡ್ಲು. ಬಡಿಸಿಕೊಂಡಾಕಿ ಅಂತ ಅವಾಗ ತಿಳೀತು. ನೀ ಎಲ್ಲಾರ ಮುಂದ ಆಕೀನ ಬಯಲಿಗೆ ತರಾಕ ಹತ್ತಿದ್ದಿ. ಅದಕ್ಕ ನಾ ಜೋರ ಮಾಡಿ ಅಂದೆ, ಇಕೀನ ಆಕಿ ಅಂತ."

ಅತ್ತೆ ಬೆರಗಾಗಿ ನೋಡಿದರು. "ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ನಂಬತಿದ್ದೇನ?"

ಅತ್ತೆ ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು.

ಮರುದಿನ ಮುಂಜಾನೆ ಮೈಕಿನವನು ಓಣಿಗೆ ಬಂದು ಹುಡುಗಿ ಕಾಣುತ್ತಿಲ್ಲ ಎಂದ. ಹಸಿರು ಸೀರೆಯನ್ನೂ ನತ್ತನ್ನೂ ತೂಗುಮಂಚದ ಮೇಲೆ ಮಡಿಸಿಟ್ಟು ಹೋಗಿದ್ದಳಂತೆ. ಎಲ್ಲಿಗೆ, ಯಾರ ಜೊತೆ, ಯಾರಿಗೂ ಗೊತ್ತಿರಲಿಲ್ಲ. ಸುದ್ದಿ ಕೇಳಿ ನಮ್ಮೆಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವರು ಜೈತೂನಕ್ಕ. ಅವರ ಗಂಡ ಬೆಳಗಾವಿಯ ಮೊದಲ ಬಸ್ಸು ಹೊಡೆದುಕೊಂಡು ಆಗಲೇ ಹೋಗಿಯಾಗಿತ್ತು. ವಿಷ ಬೆರೆಸಿದವರು ಯಾರೆಂದು ತಿಳಿಯುವ ಮೊದಲೇ ಆ ಸೀರಿಯಲ್ಲೂ ನಿಂತುಹೋಯಿತು. ಅತ್ತೆ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಕೊನೆಯವರೆಗೂ ಆಗಾಗ, "ಆ ಹುಡುಗಿ ಎಲ್ಲಿ ಹೋದ್ಲೋ" ಅನ್ನುತ್ತಿದ್ದರು. ಎದುರಿಗೆ ಕುಳಿತ ಜೈತೂನಕ್ಕ, "ದೇವರಿಗೇ ಗೊತ್ತು" ಅನ್ನುತ್ತಿದ್ದರು.

ಮಾಲಿನಲ್ಲಿ ಹುಡುಗಿಯರು ಬುರುಜಿನ ಜಗಳ ಬಿಟ್ಟು ಕೊನೆಗೂ ಕೋಟೆಯೊಳಗೆ ಹೋದರು. ನಾನು ಬೆಂಚಿನ ಮೇಲಿಂದಲೇ ಜೈತೂನಕ್ಕನಿಗೆ ಫೋನು ಹಚ್ಚಿದೆ. ಅವರಿಗೀಗ ಕಿವಿ ಸ್ವಲ್ಪ ಮಂದ, ದನಿ ಮಾತ್ರ ಹಾಗೇ ಇದೆ. ಅದೂ ಇದೂ ಮಾತಾಡಿ, "ಆ ಪ್ಲೈವುಡ್ ವಾಡೇದ ಹುಡುಗಿ ನೆನಪಾತ್ರಿ ಜೈತೂನಕ್ಕಾ. ಎಲ್ಲಿ ಅದಾಳೋ, ಹೆಂಗ ಅದಾಳೋ" ಅಂದೆ.

"ಆರಾಮ ಅದಾಳ ಬಿಡವಾ. ದೊಡ್ಡ ಮಗಳ ಲಗ್ನಾನೂ ಆತಲ್ಲ ಮೊನ್ನೆ."

"ಏನಂದ್ರಿ?" ಅಂದೆ.

"ಅಲ್ಲ, ಆಗಿರಬೇಕು ಅಂದೆ. ಇಷ್ಟ ವರ್ಷ ಆತಲ್ಲ" ಎಂದು ಅವಸರದಿಂದ ಸೇರಿಸಿದರು. "ಇಡ್ತೇನವಾ, ಒಲಿ ಮ್ಯಾಲೆ ಹಾಲು ಉಕ್ಕಾಕತ್ತೈತಿ."

ಮಧ್ಯಾಹ್ನ ಮೂರು ಗಂಟೆ. ಅವರ ಮನೆಯಲ್ಲಿ ಹಾಲು ಕಾಯಿಸುವುದು ದೀಪ ಹಚ್ಚಿದ ಮೇಲೆ, ಇಷ್ಟು ವರ್ಷ ಎದುರಿಗಿದ್ದು ನೋಡಿದವಳು ನಾನು. ಜೀವಮಾನದಲ್ಲಿ ಯಾರ ಮೇಲೂ ಇಷ್ಟು ಗಟ್ಟಿಯಾಗಿ ಸಂಶಯಪಟ್ಟಿರಲಿಲ್ಲ. ತಿರುಗಿ ಫೋನು ಮಾಡಿ ಕೇಳಲಿಲ್ಲ. ಆ ಗದ್ದಲದಲ್ಲಿ ಕುಳಿತು, ನನ್ನ ಸಂಶಯ ಸುಳ್ಳಾಗದಿರಲಿ ಎಂದು ಬೇಡಿಕೊಂಡೆ.