ಗಿರಿಜೆಯ ಖಾರಾ ಬಿಸ್ಕತ್ತು

ಬೆಣ್ಣೆಯಲ್ಲಿ ಕಲಸಿದ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆ ಹಿಟ್ಟು, ಹಸಿಮೆಣಸಿನಕಾಯಿ ಮತ್ತು ಕರಿಬೇವಿನ ಜೊತೆ ಬೇಯುವಾಗ ಒಂದು ವಾಸನೆ ಏಳುತ್ತದೆ. ಮೊದಲು ಸಿಹಿಯೆನಿಸಿ, ಆಮೇಲೆ ಗಂಟಲು ಕೆರೆಯುವ ವಾಸನೆ. ಕಾಡುಗೋಡಿಯ ನಮ್ಮ ಫ್ಲ್ಯಾಟಿನ ಓವನ್ನಿನಿಂದ ಕಳೆದ ವಾರ ಅದು ಎದ್ದಾಗ, ಬಿಸಿ ತಟ್ಟೆ ಹಿಡಿಯುವ ಬಟ್ಟೆ ಕೈಯಲ್ಲಿದ್ದಂತೆಯೇ ನಿಂತುಬಿಟ್ಟೆ. ಟಿ. ದಾಸರಹಳ್ಳಿಯ ವಠಾರದಲ್ಲಿ ನಮಗಿದ್ದ ಎರಡು ಕೋಣೆಗಳು ಕಣ್ಣ ಮುಂದೆ ಬಂದವು ಎಂದು ಬರೆಯುವುದು ಸುಲಭ. ಬರಲಿಲ್ಲ. ಆ ಗೋಡೆ ಹಸಿರಿತ್ತೋ ನೀಲಿಯಿತ್ತೋ ನನಗೆ ನೆನಪಿಲ್ಲ, ಹೋಗಿ ನೋಡೋಣವೆಂದರೆ ವಠಾರ ಕೆಡವಿ ಪಿ.ಜಿ. ಕಟ್ಟಿದ್ದಾರೆ. ಬಂದದ್ದು ದನಿ ಮಾತ್ರ. ನನ್ನ ತಂಗಿ ಗಿರಿಜೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತು, ಓಣಿಯ ಮಕ್ಕಳ ಮೇಲೆ ಯಜಮಾನಿಕೆ ನಡೆಸುತ್ತಿದ್ದ ದನಿ.

ನಾವು ವಿಜಯಪುರದ ಕಡೆಯವರು. ಅಪ್ಪ ಪೀಣ್ಯದ ಒಂದು ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಲೇತ್ ಓಡಿಸುತ್ತಿದ್ದ, ಅವ್ವ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮನೆ ಮತ್ತು ನಾವಿಬ್ಬರು ಅಕ್ಕತಂಗಿಯರು ದೊಡ್ಡವ್ವನ ಕೈಯಲ್ಲಿದ್ದೆವು. ಆಕೆ ಅಪ್ಪನ ಅಣ್ಣನ ಹೆಂಡತಿ, ಗಂಡನನ್ನು ಕಳೆದುಕೊಂಡು ನಮ್ಮ ಜೊತೆ ಬಂದವಳು. ಗಿರಿಜೆಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಕಾಲು ಕಡ್ಡಿ, ಹೊಟ್ಟೆ ಗುಡಾಣ. ಊರಿನ ಮದ್ದು, ಬೆಂಗಳೂರಿನ ಮದ್ದು ಎಲ್ಲ ಆದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದರು: ಗೋಧಿ ಈ ಮಗುವಿಗೆ ವಿಷ, ಚಪಾತಿ, ಮೈದಾ, ರವೆ ಒಂದು ಚೂರೂ ಹೋಗಬಾರದು, ಬಿಟ್ಟರೆ ಚೇತರಿಸಿಕೊಳ್ಳುತ್ತಾಳೆ. ದೊಡ್ಡವ್ವ ನಕ್ಕೇಬಿಟ್ಟಳಂತೆ. "ಇಷ್ಟ ಏನ್ರಿ? ನಾವು ಜ್ವಾಳದ ಮಂದಿ. ಗೋಧಿ ಬಿಡೂದೇನ್ ದೊಡ್ಡದು?" ಈ ಮಾತು ನಾನೇ ಕೇಳಿದ್ದೋ, ಅವ್ವ ಆಮೇಲೆ ಹೇಳಿದ್ದೋ ಗೊತ್ತಿಲ್ಲ.

ಆದರೆ ಓಣಿಯ ಮಕ್ಕಳ ಕೈಯಲ್ಲೆಲ್ಲ ಬಿಸ್ಕತ್ತಿತ್ತು. ರೊಟ್ಟಿಯ ತುಂಡು ಹಿಡಿದು ಅವರ ನಡುವೆ ನಿಲ್ಲಲು ಗಿರಿಜೆ ಒಪ್ಪಲಿಲ್ಲ. ಆಗ ದೊಡ್ಡವ್ವ ತಾನೇ ಬಿಸ್ಕತ್ತು ಮಾಡಲು ಹೊರಟಳು. ಅಪ್ಪ ಶೆಡ್ಡಿನಲ್ಲಿ ಉಳಿದ ತಗಡು ಬಗ್ಗಿಸಿ, ಸೀಮೆಎಣ್ಣೆ ಸ್ಟವ್ ಮೇಲೆ ಕೂರುವಂಥ ಮುಚ್ಚಳದ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟ. ಮೊದಲ ಸಲ ಆಕೆ ರೊಟ್ಟಿಗೆ ಮಾಡುವಂತೆಯೇ ಜೋಳದ ಹಿಟ್ಟನ್ನು ಕುದಿಯುವ ನೀರಲ್ಲಿ ನಾದಿ, ಬೆಲ್ಲ ಹಾಕಿ ಸುಟ್ಟಳು. ಅಪ್ಪ ಒಂದನ್ನು ಕಚ್ಚಿ ನೋಡಿ, "ವೈನಿ, ಇದನ್ನ ಕಡಿಯಾಕ ಲೇತಿಗೇ ಹಾಕಬೇಕ್ ನೋಡ್ರಿ" ಎಂದು ಅತ್ತಿಗೆಯನ್ನು ಕೆಣಕಿದ. "ನಿನ್ ಹಲ್ಲಿಗೆ ಮಾಡಿಲ್ಲಪ್ಪ, ಸುಮ್ನ ಉಣ್ಣು" ಎಂದಳು. ನವಣೆಯದು ಪುಡಿಪುಡಿಯಾಯಿತು, ರಾಗಿಯದನ್ನು ಗಿರಿಜೆ ಉಗುಳಿದಳು. ಕೊನೆಗೆ ಕೈಹಿಡಿದದ್ದು ಅಕ್ಕಿ ಹಿಟ್ಟು ಮತ್ತು ಪುಟಾಣಿ ಹಿಟ್ಟು ಬೆರೆಸಿದ ಖಾರದ ಬಿಸ್ಕತ್ತು. ಮಗುವಿನ ಹೊಟ್ಟೆಗೆ ಹಗುರಾಗಲಿ ಎಂದು ಅದಕ್ಕೆ ದೊಡ್ಡವ್ವ ಧಾರಾಳವಾಗಿ ಇಂಗು ಹಾಕುತ್ತಿದ್ದಳು. ಬಿಸ್ಕತ್ತು ಬೆಂದರೆ ವಠಾರಕ್ಕೇ ಗೊತ್ತಾಗುತ್ತಿತ್ತು. "ಗಿರಿಜಾ, ನಂಗೊಂದ್ ಕೊಡೇ, ಪ್ಲೀಸ್ ಕಣೇ!" "ಹೋಗೋ, ನಿಂಗ್ ಆಗ್ಲೇ ಕೊಟ್ಟಾಯ್ತು. ಬಾಯ್ ಒರೆಸ್ಕೊಂಡ್ ಬಂದ್ರೆ ಗೊತ್ತಾಗಲ್ವಾ ನಂಗೆ?" ಮನೆಯೊಳಗೆ ಊರ ಮಾತಾಡುತ್ತಿದ್ದವಳು ಹೊಸ್ತಿಲು ದಾಟಿದರೆ ಬೆಂಗಳೂರಿನವಳು. ಬೇಡಿ ತಿನ್ನಬೇಕಾಗಿದ್ದ ಹುಡುಗಿ ಹಂಚುವವಳಾದಳು. ಆ ದಿನಗಳಲ್ಲಿ ಅವಳು ಸ್ವಲ್ಪ ಮೈತುಂಬಿಕೊಂಡಿದ್ದಳು ಎಂದು ನನಗನಿಸುತ್ತದೆ. ಹಾಗೆ ಅನಿಸಲಿ ಎಂದು ನನ್ನ ಮನಸ್ಸೇ ಸೇರಿಸಿದ್ದಿರಬಹುದು.

ಅವಳು ಮತ್ತೆ ಸೊರಗಿದಳು. ಎಲ್ಲಿಂದಲೋ ಗೋಧಿ ಹೋಗುತ್ತಿದೆ, ಸರಿಯಾಗಿ ನೋಡಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅಡುಗೆಮನೆಯಲ್ಲಿ ಗೋಧಿಯ ಕಾಳೂ ಇರಲಿಲ್ಲ, ನಾವೆಲ್ಲ ಅವಳಿಗಾಗಿ ಚಪಾತಿ ಬಿಟ್ಟಿದ್ದೆವು. ಹಾಗಾದರೆ ಹೊರಗೇ ಇರಬೇಕು. ಖಾರದ ಬಿಸ್ಕತ್ತು ಕೊಟ್ಟು ಆ ಮಕ್ಕಳ ಕ್ರೀಮ್ ಬಿಸ್ಕತ್ತು ಈಸಿಕೊಂಡು ತಿನ್ನುತ್ತಿದ್ದಾಳೆ ಎಂದು ದೊಡ್ಡವ್ವ ತೀರ್ಮಾನಿಸಿದಳು. "ಯಾರ್ ಕೊಟ್ರು ಹೇಳವಾ. ನಾ ಬಡಿಯಂಗಿಲ್ಲ." "ನಾ ತಿಂದಿಲ್ಲ ದೊಡ್ಡವ್ವ. ಖರೇನ ತಿಂದಿಲ್ಲ." ದಿನಾ ಇದೇ ಪ್ರಶ್ನೆ, ಇದೇ ಉತ್ತರ. ಆಮೇಲೆ ಅವಳನ್ನು ಓಣಿಗೆ ಬಿಡುವುದು ನಿಂತಿತು. ಮಕ್ಕಳು ಕಿಟಕಿಗೆ ಬಂದರೆ ದೊಡ್ಡವ್ವ, "ನೀವ ಆಕೀನ್ನ ಕೆಡಿಸಿದ್ರಿ, ಹೋಗ್ರಿ" ಎಂದು ಅಟ್ಟುತ್ತಿದ್ದಳು. ಹೊಟ್ಟೆ ನೋವೆಂದಾಗಲೆಲ್ಲ ಮಜ್ಜಿಗೆಗೆ ಇಂಗು ಕದಡಿ ಕುಡಿಸುವಳು, ಹೊಕ್ಕುಳ ಸುತ್ತ ಹಚ್ಚುವಳು. ನೋವು ಹೆಚ್ಚಿದಷ್ಟೂ ಇಂಗು ಹೆಚ್ಚಿತು. ಬಿಸ್ಕತ್ತು ಮಾತ್ರ ತಪ್ಪಿಸಲಿಲ್ಲ, ಆದರೆ ಹಂಚಲು ಯಾರೂ ಇಲ್ಲದೆ ಗಿರಿಜೆ ಅದನ್ನು ಸುಮ್ಮನೆ ಕೈಯಲ್ಲಿ ಹಿಡಿದು ಕೂರುತ್ತಿದ್ದಳು. ಮಳೆಗಾಲ ಶುರುವಾಗುವ ಹೊತ್ತಿಗೆ ಜ್ವರ ಬಂತು. ಆ ಮೈಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಆಸ್ಪತ್ರೆಯಿಂದ ಅವಳು ಮನೆಗೆ ಬರಲಿಲ್ಲ.

ಕಳೆದ ವಾರ ಓವನ್ ಹಚ್ಚಿದ್ದು ಪಕ್ಕದ ಫ್ಲ್ಯಾಟಿನ ದೀಪಾಳಿಗಾಗಿ. ಅವಳ ಮಗನಿಗೂ ಗೋಧಿ ಆಗುವುದಿಲ್ಲ; ನಮ್ಮ ದೊಡ್ಡವ್ವನ ಬಿಸ್ಕತ್ತು ಕಲಿಸುತ್ತೇನೆ ಎಂದು ನಾನೇ ಕರೆದಿದ್ದೆ. ಹಿಟ್ಟು ಕಲಸುತ್ತ ಡಬ್ಬಿ ತೆಗೆದು ಇಂಗು ಉದುರಿಸಲು ಹೋದಾಗ ಅವಳು ನನ್ನ ಕೈ ಹಿಡಿದಳು. "ಅಯ್ಯೋ, ಇಂಗ್ ಬೇಡ ಕಣ್ರೀ! ಅಂಗಡಿ ಇಂಗಿಗೆ ಗೋಧಿ ಹಿಟ್ಟು ಬೆರೆಸಿರ್ತಾರೆ. ನಾನೂ ಮೊದ್ಲು ಗೊತ್ತಿಲ್ದೆ ದಿನಾ ಸಾರಿಗೆ ಹಾಕ್ತಿದ್ದೆ." ನಾನು ಡಬ್ಬಿ ಮುಚ್ಚಿಟ್ಟೆ. ಇಂಗಿಲ್ಲದ ಬಿಸ್ಕತ್ತು ಬೆಂದಿತು. ಅವಳ ಮಗ ಎರಡು ಕೈಯಲ್ಲೂ ಹಿಡಿದುಕೊಂಡು ಓಡಿದ.

ಗಿರಿಜೆ ಒಂದು ದಿನವೂ ಹೊರಗೆ ತಿಂದಿರಲಿಲ್ಲ ಎಂದು ನಾನು ಆಣೆ ಮಾಡಲಾರೆ. ಆ ಇಂಗೊಂದೇ ಅವಳನ್ನು ಕೊಂದಿತು ಎಂದೂ ಹೇಳಲಾರೆ. ಆದರೆ ಅವಳ ಮಾತು ನಿಜವಿದ್ದಿರಬಹುದು ಎಂಬುದಕ್ಕೆ ಇಷ್ಟು ವರ್ಷಗಳ ಮೇಲೆ ಒಂದು ಕಾರಣ ಸಿಕ್ಕಿತ್ತು. ಅದನ್ನು ಯಾರಿಗಾದರೂ ಹೇಳಬೇಕೆಂದರೆ ಉಳಿದಿರುವುದು ದೊಡ್ಡವ್ವ ಒಬ್ಬಳೇ. ಅಪ್ಪ ಅವ್ವ ಇಬ್ಬರೂ ಇಲ್ಲ. ಭಾನುವಾರ ಬಸ್ಸು ಹಿಡಿದು ಆನೇಕಲ್ಲಿಗೆ ಹೋದೆ, ಅಲ್ಲಿ ಆಕೆ ತನ್ನ ತಂಗಿಯ ಮಗಳ ಮನೆಯಲ್ಲಿದ್ದಾಳೆ. ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ನಾನು ಗಿರಿಜೆಯ ಹೆಸರೆತ್ತಿದ್ದೇ ತಡ, ಆಕೆಯೇ ಮಾತಾಡಿದಳು. "ಸುಳ್ ಹೇಳಿದ್ಲಂತ ನನಗ ಆಕಿ ಮ್ಯಾಲ ಸಿಟ್ಟಿಲ್ಲವ್ವಾ. ಕೂಸು, ಬಾಯಿ ತಡೀಲಿಲ್ಲ. ನನ್ ಕೈಲೆ ಆಕಿಗೆ ಒಂದ್ ಕಾಳೂ ವಿಷ ಹೋಗ್ಲಿಲ್ಲ. ಅದೊಂದ ನೆನಸ್ಕೊಂಡ ಉಸರ ಹಿಡದೀನಿ. ಹೌದಿಲ್ಲೊ?"

ಆಕೆ ಸೊಪ್ಪು ಬಿಟ್ಟು ನನ್ನ ಮುಖ ನೋಡುತ್ತಿದ್ದಳು.

"ಹೌದು ದೊಡ್ಡವ್ವ" ಎಂದೆ. ಗಿರಿಜೆ ಸುಳ್ಳು ಹೇಳಿದ್ದಳು ಎಂದು ನಾನೂ ಒಪ್ಪಿದಂತಾಯಿತು.