ಮಿಷಿನ್ನು ತೋರಿಸಿದ ಎರಡು ಅಕ್ಷರ

ಇದು 2004ನೇ ಇಸವಿಯ ಶ್ರಾವಣದ ಮಾತು. ನಾನು ಕೊಟ್ಟೂರಿಗೆ ಸೊಸೆಯಾಗಿ ಬಂದು ಆಗಲೇ ಹಲವು ವರ್ಷಗಳಾಗಿದ್ದರೂ ಮಾವನವರ ಎದುರು ನಿಂತು ಮಾತಾಡುವ ಧೈರ್ಯ ಪೂರ್ತಿ ಬಂದಿರಲಿಲ್ಲ. ಮಾವನವರದು ಪೇಟೆಯಲ್ಲಿ ಶೇಂಗಾ, ಮೆಣಸಿನಕಾಯಿ ವ್ಯಾಪಾರ. ಗಟ್ಟಿ ಆಸಾಮಿ, ಮಾತು ಕಡಿಮೆ, ಆಡಿದ್ದೇ ಕೊನೆ. ಅವರಿಗೆ ಶುಗರ್ ಬಂದು ಬಹಳ ಕಾಲವಾಗಿತ್ತು. ಗುಳಿಗೆಗೆ ಬಗ್ಗುವುದಿಲ್ಲ ಎಂದು ಆ ಬೇಸಿಗೆಯಲ್ಲಿ ಡಾಕ್ಟರು ಇನ್ಸುಲಿನ್ ಶುರು ಮಾಡಿಸಿದ್ದರು.

ಡಾಕ್ಟರು ಇದ್ದದ್ದು ಹರಪನಹಳ್ಳಿಯಲ್ಲಿ. ಕೊಟ್ಟೂರಿನಲ್ಲಿ ಡಾಕ್ಟರಿಗೇನೂ ಬರವಿರಲಿಲ್ಲ, ಆದರೆ ಮಾವನವರಿಗೆ ಆ ಒಬ್ಬರ ಮೇಲೆಯೇ ನಂಬಿಕೆ. ರಕ್ತ ಪರೀಕ್ಷೆ ಇದ್ದ ದಿನ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ ಹೋಗುವುದು, ಸುಸ್ತಾಗಿ ವಾಪಸು ಬಂದು ಮನೆಯವರ ಮೇಲೆಲ್ಲ ರೇಗುವುದು. ಕೊನೆಗೆ ಡಾಕ್ಟರೇ ನನ್ನ ಯಜಮಾನರಿಗೆ, "ಮನೇಲೇ ಶುಗರ್ ನೋಡ್ಕಳ್ಳೋ ಮಿಷನ್ ಬಂದಿದೆ, ಒಂದು ತಂದಿಟ್ಕಳ್ರಿ" ಎಂದರು. ದಾವಣಗೆರೆಗೆ ಹೋದಾಗ ಯಜಮಾನರು ಅದನ್ನು ತಂದರು. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಬೆರಳ ತುದಿಗೆ ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿದರೆ ಅಂಕಿ ತೋರಿಸುತ್ತಿತ್ತು.

ಮಾವನವರು ವ್ಯಾಪಾರಸ್ಥರಲ್ಲವೇ, ಹೊಸ ತಕ್ಕಡಿಯನ್ನು ಸುಮ್ಮನೆ ನಂಬುವವರಲ್ಲ. ಮೊದಲು ಮಗನ ಬೆರಳಿಗೆ ಚುಚ್ಚಿಸಿದರು, ಆಮೇಲೆ ನನ್ನ ಬೆರಳಿಗೆ. ಎರಡೂ ಸಲ ಆರೋಗ್ಯವಂತರಿಗೆ ಬರಬೇಕಾದ ಅಂಕಿಯೇ ಬಂತು. "ಸುಳ್ಳು ಹೇಳಂಗಿಲ್ಲ ಇದು" ಎಂದು ಒಪ್ಪಿಗೆ ಕೊಟ್ಟ ಮೇಲೆ ತಮ್ಮ ಕೈ ಮುಂದೆ ಮಾಡಿದರು. ನಾನು ಪಿಯುಸಿ ಓದಿದವಳು ಎಂಬ ಕಾರಣಕ್ಕೆ ಮಿಷಿನ್ನಿನ ಉಸ್ತುವಾರಿ ನನ್ನ ಪಾಲಿಗೆ ಬಂತು. ಸುದ್ದಿ ಓಣಿಯೆಲ್ಲ ಹಬ್ಬಿ, "ನಮ್ದೂ ಒಂದು ನೋಡವಾ" ಎಂದು ಬೆರಳು ಚಾಚಿಕೊಂಡು ಬರುವವರನ್ನು ಸಂಭಾಳಿಸುವುದೂ ನನಗೇ ಬಂತು.

ಅತ್ತೆಗೆ ಮಾತ್ರ ಅಂಕಿಯ ಗೊಡವೆ ಬೇಡವಾಗಿತ್ತು. "ಅಂಕಿ ಕಟಗೊಂಡು ನನಗೇನಾಗ್ಬೇಕು? ಛಲೋ ಐತೋ ಇಲ್ಲೋ, ಅಷ್ಟು ಹೇಳು" ಎನ್ನುತ್ತಿದ್ದರು. ನಮ್ಮ ಕಡೆ ಎಲ್ಲ ಒಳ್ಳೆಯದಕ್ಕೂ ‘ಛಲೋ’ ಎಂಬ ಒಂದೇ ಮಾತು ಸಾಕು. ಅವರಿಗೆ ಒಂದು ಕಿವಿ ಮಂದ. ಹಾಗಾಗಿ ನಾನು ಮಿಷಿನ್ನು ನೋಡಿ ಅಲ್ಲಿಂದಲೇ ಜೋರಾಗಿ, "ಛಲೋ ಐತ್ರಿ ಅತ್ತೀ" ಎಂದು ಕೂಗುವುದು ರೂಢಿಯಾಗಿತ್ತು. ಅವರು ಅಡುಗೆಮನೆಯಲ್ಲೇ ಕೈಮುಗಿದು ರೊಟ್ಟಿ ತಟ್ಟುತ್ತಿದ್ದರು.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮಾವನವರು ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸುವ ತನಕ ಹನಿ ನೀರೂ ಬಾಯಿಗೆ ಹಾಕುತ್ತಿರಲಿಲ್ಲ. ಆಮೇಲೂ ಅಷ್ಟೇ, ಏನು ತಿಂದರೂ ಮೊದಲು ಲಿಂಗಕ್ಕೆ ತೋರಿಸಿಯೇ ತಿನ್ನಬೇಕು. ಇನ್ಸುಲಿನ್ ತಗೊಂಡ ಮೇಲೆ ಬೇಗ ಉಣ್ಣಬೇಕು ಎಂದು ಡಾಕ್ಟರು ಹೇಳಿದ್ದರು. ಆದರೆ ಸೂಜಿ ಪೂಜೆಗೆ ಮುಂಚೆಯೋ ಆಮೇಲೋ ಎಂದು ಯಾರೂ ಕೇಳಿರಲಿಲ್ಲ. ಮಾವನವರು ತಾವೇ ತೀರ್ಪು ಕೊಟ್ಟುಕೊಂಡಿದ್ದರು. "ನೇಮ ಇರೋದು ಬಾಯಿಂದ ತಗೊಳ್ಳೋದಕ್ಕ. ಸೂಜಿ ಬಾಯಿಂದ ಹೋಗಂಗಿಲ್ಲ" ಎಂದು ಎದ್ದ ಕೂಡಲೇ ಹೊಟ್ಟೆಗೆ ಚುಚ್ಚಿಕೊಂಡು ಸ್ನಾನಕ್ಕೆ ಹೋಗುತ್ತಿದ್ದರು. ದಿನದ ಪೂಜೆ ಬೇಗ ಮುಗಿಯುತ್ತಿತ್ತು, ಉಪ್ಪಿಟ್ಟೋ ರೊಟ್ಟಿಯೋ ಹೊಟ್ಟೆಗೆ ಬೀಳುತ್ತಿತ್ತು. ಏನೂ ತೊಂದರೆಯಾಗಿರಲಿಲ್ಲ.

ಆದರೆ ಶ್ರಾವಣ ಸೋಮವಾರದ ಪೂಜೆ ದಿನದ ಪೂಜೆಯಲ್ಲ, ಬಹಳ ಹೊತ್ತು ಹಿಡಿಯುತ್ತದೆ. ಆ ಬೆಳಿಗ್ಗೆ ನಾನು ಮಿಷಿನ್ನು ಹಿಡಿದುಕೊಂಡು ಹೋದರೆ ಮಾವನವರು ಕೈ ಹಿಂದಕ್ಕೆ ಎಳೆದುಕೊಂಡರು. "ಇವತ್ತು ಬ್ಯಾಡ. ಶ್ರಾವಣ ಸೋಮವಾರ ಮನ್ಯಾಗ ರಕ್ತ ತಗೀಬಾರ್ದು." ಇನ್ಸುಲಿನ್ನನ್ನು ಮಾತ್ರ ಎಂದಿನಂತೆ ಚುಚ್ಚಿಕೊಂಡರು. ಅದೂ ಸೂಜಿಯೇ ಅಲ್ಲವೇ ಎಂದು ಕೇಳುವ ಬಾಯಿ ನನಗಿರಲಿಲ್ಲ.

ಯಜಮಾನರು ಅಂಗಡಿಗೆ ಹೋದರು. ನಾನೂ ಅತ್ತೆಯೂ ಎಡೆಗೆಂದು ಗೋಧಿ ಹುಗ್ಗಿ ಮಾಡುತ್ತಿದ್ದೆವು. ಪೂಜೆಯ ಕೋಣೆಯಿಂದ ಮಾವನವರ ಮಂತ್ರದ ದನಿ ಕೇಳುತ್ತಿತ್ತು. ಹುಗ್ಗಿಗೆ ಬೆಲ್ಲ ಹಾಕುವ ಹೊತ್ತಿಗೆ ದನಿ ತಗ್ಗಿತು. ಆಮೇಲೆ ನಿಂತೇ ಹೋಯಿತು. ನಾನು ಬಾಗಿಲಿನಿಂದ ಇಣುಕಿ ನೋಡಿದೆ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು, ಎಡಗೈ ತೊಡೆಯ ಮೇಲೆ, ಅಂಗೈಯಲ್ಲಿ ಲಿಂಗ. ಅತ್ತೆ ನನ್ನ ಹಿಂದೆ ಬಂದು ನಿಂತು ಮೆಲ್ಲಗೆ ಹೇಳಿದರು, "ನೋಡು, ಹೆಂಗ ಕುಂತಾರ. ಲಿಂಗದಾಗ ಮನಸ್ಸು ನಿಂತೈತಿ." ಅವರ ಮುಖದಲ್ಲಿ ಹೆಮ್ಮೆ ಇತ್ತು.

ನನಗೂ ಹಾಗೆಯೇ ಅನಿಸಿತು. ಮಾವನವರು ಪೂಜೆಗೆ ಕೂತಾಗ ಬೆನ್ನು ಒರಗಿಸಿದ್ದನ್ನು ಎಂದೂ ನೋಡಿರಲಿಲ್ಲ ಎಂಬುದು ಹೊಳೆದದ್ದು ಅಡುಗೆಮನೆಗೆ ತಿರುಗಿದ ಮೇಲೆ. ಮತ್ತೆ ಹೋಗಿ ಹತ್ತಿರದಿಂದ ನೋಡಿದೆ. ಹಣೆಯ ಮೇಲಿನ ವಿಭೂತಿ ಒದ್ದೆಯಾಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಹೊರಗೆ ಮೋಡ, ತಣ್ಣನೆ ಗಾಳಿ, ಇವರಿಗೆ ಮೈತುಂಬ ಬೆವರು. "ಮಾವಾರೇ" ಎಂದೆ. ತುಟಿ ಸ್ವಲ್ಪ ಅಲುಗಿತು, ಮಾತು ಬರಲಿಲ್ಲ.

"ಪೂಜಿಯೊಳಗ ಇದ್ದಾಗ ಕರೀಬಾರ್ದು, ಸುಮ್ನಿರು" ಎಂದರು ಅತ್ತೆ.

"ಬೆವರು ನೋಡ್ರಿ ಅತ್ತೀ. ನಾನು ಡಾಕ್ಟ್ರಿಗೆ ಫೋನ್ ಹಚ್ಚಿ ಕೊಡ್ತೀನಿ, ನೀವು ಮಾತಾಡ್ರಿ. ಅಷ್ಟೊತ್ತಿಗೆ ನಾನು ಮಿಷಿನ್ನಿನಾಗ ನೋಡ್ತೀನಿ" ಎಂದೆ. ಅತ್ತೆಗೆ ಇಷ್ಟವಿರಲಿಲ್ಲ, ಆದರೆ ಬೆವರು ಕಂಡಮೇಲೆ ಇಲ್ಲ ಎನ್ನಲೂ ಆಗಲಿಲ್ಲ. ಪಡಸಾಲೆಯ ಫೋನಿನಿಂದ ನಂಬರು ಒತ್ತಿ, ಅವರ ಕೈಗೆ ಕೊಟ್ಟು ಒಳಗೆ ಓಡಿದೆ. ಶ್ರಾವಣ ಸೋಮವಾರ, ಪೂಜೆಗೆ ಕೂತ ಮಾವನವರ ಬಲಗೈ ಹಿಡಿದು ಬೆರಳಿಗೆ ಚುಚ್ಚಿದೆ. ಕೈ ತಣ್ಣಗಿತ್ತು. ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಮಿಷಿನ್ನು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಅಂಕಿಯ ಬದಲು ಎರಡು ಇಂಗ್ಲಿಷ್ ಅಕ್ಷರ ತೋರಿಸಿತು: ‘ಲೋ’. ಕಡಿಮೆ ಎಂದು. ಅಂಕಿಯಲ್ಲಿ ಹೇಳಲಾರದಷ್ಟು ಕಡಿಮೆ ಎಂದು.

"ಲೋ ಅಂತ ಬಂದೈತ್ರಿ ಅತ್ತೀ" ಎಂದು ಕೂಗಿದೆ.

ಅತ್ತೆ ಫೋನಿನಲ್ಲಿ ಡಾಕ್ಟರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಛಲೋ ಬಂದೈತಂತ್ರಿ."

ನಾನು ಅಲ್ಲಿಂದ ಎದ್ದು ಪಡಸಾಲೆಗೆ ಬರುವಷ್ಟರಲ್ಲಿ ಅವರು ಫೋನು ಇಟ್ಟಿದ್ದರು. ಮುಖ ಹಗುರಾಗಿತ್ತು. "ಛಲೋ ಐತಿ ಅಂದ್ರ ಚಿಂತಿ ಮಾಡಬ್ಯಾಡ್ರಿ, ಪೂಜಿ ಮುಗಿದ ಮ್ಯಾಲ ಉಣ್ಲಿ ಅಂದ್ರು ಡಾಕ್ಟ್ರು" ಎಂದರು.

"ನಾನು ಛಲೋ ಅನ್ಲಿಲ್ರಿ. ಲೋ ಅಂದೆ. ಕಮ್ಮಿ ಆಗೇತಿ."

"ಶುಗರ್ ಕಮ್ಮಿ ಆದ್ರ ಛಲೋನ ಅಲ್ಲೇನು?"

ಅತ್ತೆಯ ತಪ್ಪೇನೂ ಇರಲಿಲ್ಲ. ಅಷ್ಟು ತಿಂಗಳು ನಮ್ಮ ಮನೆಯಲ್ಲಿ ಸಕ್ಕರೆ ಇಳಿಯಲಿ ಎಂದೇ ಎಲ್ಲರೂ ಬೇಡಿಕೊಂಡದ್ದು. ಇಳಿದು ಇಳಿದು ಮನುಷ್ಯನನ್ನೇ ಕರೆದುಕೊಂಡು ಹೋಗಬಹುದು ಎಂದು ಅವರಿಗೆ ಯಾರು ಹೇಳಿದ್ದರು? ನನಗಾದರೂ ಗೊತ್ತಿದ್ದದ್ದು ಮಿಷಿನ್ನಿನ ಜೊತೆ ಬಂದ ಚೀಟಿಯಲ್ಲಿ ಓದಿದ್ದಷ್ಟೇ.

ಮತ್ತೆ ಫೋನು ಮಾಡಿದೆ, ಲೈನು ಬ್ಯುಸಿ. ಇನ್ನು ಕಾಯುವುದಕ್ಕೆ ಮನಸ್ಸು ಒಪ್ಪಲಿಲ್ಲ. ಪೂಜೆಯ ತಟ್ಟೆಯಲ್ಲಿ ಪಂಚಾಮೃತಕ್ಕೆಂದು ಇಟ್ಟ ಜೇನಿನ ಬಟ್ಟಲಿತ್ತು. ಅದನ್ನು ಎತ್ತಿಕೊಂಡೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಪೂಜಿ ಮುಗಿದಿಲ್ಲ. ಲಿಂಗಕ್ಕ ತೋರ್ಸದ ಏನೂ ಅವರ ಬಾಯಿಗೆ ಇಡಬ್ಯಾಡ. ಎದ್ದ ಮ್ಯಾಲ ಅವರು ನನ್ನ ಮುಖ ನೋಡಂಗಿಲ್ಲ."

ನನಗೆ ಅಳು ಬಂತು, ಸಿಟ್ಟೂ ಬಂತು. "ಎದ್ದರ ಅಲ್ಲೇನ್ರಿ ಮುಖ ನೋಡೋದು" ಎಂದುಬಿಟ್ಟೆ. ಆ ಮನೆಯಲ್ಲಿ ನಾನು ಅತ್ತೆಗೆ ಎದುರಾಡಿದ್ದು ಅದೇ ಮೊದಲು.

ಅತ್ತೆ ನನ್ನನ್ನು ನೋಡಿದರು, ಗಂಡನನ್ನು ನೋಡಿದರು. ಮಾವನವರ ತಲೆ ಒಂದು ಕಡೆ ವಾಲುತ್ತಿತ್ತು. "ತಡಿ" ಎಂದು ನನ್ನ ಕೈಯಿಂದ ಬಟ್ಟಲು ತಗೊಂಡರು. ಮಾವನವರ ಎದುರು ಮಂಡಿಯೂರಿ ಕೂತು, ಅವರ ಅಂಗೈಯಲ್ಲಿದ್ದ ಲಿಂಗದ ಮುಂದೆ ಬಟ್ಟಲನ್ನು ಹಿಡಿದು ಕಣ್ಣು ಮುಚ್ಚಿದರು. ಏನೋ ಅಂದುಕೊಂಡರು. ಮತ್ತೆ ಕಣ್ಣು ಬಿಟ್ಟು, "ಇನ್ನ ಇದು ಪ್ರಸಾದ ಆತು" ಎಂದವರೇ ಬೆರಳಲ್ಲಿ ಜೇನು ತಗೊಂಡು ಗಂಡನ ಕೆನ್ನೆಯ ಒಳಗೆ ಸವರತೊಡಗಿದರು. ಉಸಿರುಗಟ್ಟದ ಹಾಗೆ ಸ್ವಲ್ಪ ಸ್ವಲ್ಪವೇ ಹಚ್ಚಿರಿ ಎನ್ನುತ್ತ ನಾನು ಮಾವನವರ ತಲೆ ಹಿಡಿದುಕೊಂಡು ಕೂತೆ. ಒಲೆಯ ಮೇಲೆ ಹುಗ್ಗಿ ತಳ ಹತ್ತಿದ ವಾಸನೆ ಬರುತ್ತಿತ್ತು, ಏಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಬಹಳ ಹೊತ್ತಾದಂತೆ ಅನಿಸಿತು. ಕೊನೆಗೆ ಅವರ ಗಂಟಲು ಅಲುಗಿ ಜೇನು ನುಂಗಿದ್ದು ಕಂಡಿತು. ಇನ್ನಷ್ಟು ಕೊಟ್ಟೆವು. ರೆಪ್ಪೆ ತೆರೆಯಿತು. ಎಲ್ಲಿದ್ದೇನೆ ಎಂದು ತಿಳಿಯದವರಂತೆ ಸುತ್ತ ನೋಡಿ, ಅಂಗೈಯ ಲಿಂಗ ನೋಡಿ, ತೊದಲುತ್ತ ಕೇಳಿದರು. "ಪೂಜಿ ಮುಗೀತೇನು?"

"ಮುಗೀತು. ಪ್ರಸಾದನೂ ತಗೊಂಡೀರಿ" ಎಂದರು ಅತ್ತೆ. ಆಮೇಲೆ ಸೆರಗು ಬಾಯಿಗೆ ಹಿಡಿದು ಅತ್ತರು.

ಸಕ್ಕರೆ ನೀರು ಕುಡಿಸಿ, ಊಟ ಮಾಡಿಸಿ, ಯಜಮಾನರನ್ನು ಕರೆಸಿ, ಪಕ್ಕದ ಮನೆಯವರ ಜೀಪಿನಲ್ಲಿ ಹರಪನಹಳ್ಳಿಗೆ ಹೋದೆವು. ಡಾಕ್ಟರು ಎಲ್ಲ ಕೇಳಿದರು. "ನನಗೆ ಛಲೋ ಅಂದ್ರಲ್ಲ ತಾಯಿ" ಎಂದರು ಅತ್ತೆಗೆ. "ಅಕಿ ಲೋ ಅಂದಿದ್ದಳಂತ್ರಿ, ನನಗ ಛಲೋ ಅಂತ ಕೇಳಿಸ್ತು" ಎಂದರು ಅತ್ತೆ. ಡಾಕ್ಟರು ನಗಲಿಲ್ಲ. "ನಾನೂ ಅಂಕಿ ಎಷ್ಟು ಅಂತ ಕೇಳ್ಬೇಕಿತ್ತು" ಎಂದರು. ಸೂಜಿಯ ಸಮಯ ಬದಲಿಸಬೇಕು ಎಂದು ಅವರು ಹೇಳಲು ಹೊರಟರೆ ಮಾವನವರೇ ತಡೆದರು. "ನಾ ಆಗಲೇ ವಿಚಾರ ಮಾಡೀನ್ರಿ. ಬಾಯಿಂದ ಹೋಗ್ಲಿ, ಹೊಟ್ಟಿಂದ ಹೋಗ್ಲಿ, ಮೈಯೊಳಗ ಹೋಗೋದೆಲ್ಲಾ ಲಿಂಗಕ್ಕ ತೋರ್ಸೇ ಹೋಗ್ಬೇಕು." ಅಂದಿನಿಂದ ಪೂಜೆ ಮುಗಿಸಿ, ಸೂಜಿಯನ್ನೂ ಲಿಂಗಕ್ಕೆ ತೋರಿಸಿ ಚುಚ್ಚಿಕೊಂಡು ಊಟಕ್ಕೆ ಕೂರುತ್ತಿದ್ದರು. ಅದಾದ ಮೇಲೆ ಬಹಳ ವರ್ಷ ಬಾಳಿದರು.

ಈಗ ನನಗೂ ಶುಗರ್. ನಾನೂ ಇನ್ಸುಲಿನ್ ತಗೊಳ್ಳುತ್ತೇನೆ. ಹಡಗಲಿಯಲ್ಲಿ ಟೀಚರಾಗಿರುವ ಮಗಳು ನನ್ನ ತೋಳಿಗೆ ಬಿಲ್ಲೆಯಂಥದ್ದೊಂದನ್ನು ಅಂಟಿಸಿ ಹೋಗಿದ್ದಾಳೆ. ಚುಚ್ಚುವ ಕೆಲಸವಿಲ್ಲ, ಸಕ್ಕರೆ ಎಷ್ಟಿದೆ ಎಂದು ಫೋನಿನಲ್ಲಿ ಕಾಣುತ್ತದೆ, ಇಳಿದರೆ ಕೂಗಿಕೊಳ್ಳುತ್ತದೆ. ಮುಂದೆ ಕೃತಕ ಬುದ್ಧಿಮತ್ತೆ ಬಂದರೆ ಇಳಿಯುವ ಮೊದಲೇ ಹೇಳುತ್ತದಂತೆ, ಡಾಕ್ಟರಿಗೂ ತಾನೇ ತಿಳಿಸುತ್ತದಂತೆ. ಬರಲಿ, ಬೇಗ ಬರಲಿ ಎಂದೇ ನನ್ನಾಸೆ. ಆ ಪುಟ್ಟ ಮಿಷಿನ್ನು ಕೈಯಲ್ಲಿ ಇಲ್ಲದಿದ್ದರೆ ನಾನು ಅವತ್ತು ಬಾಯಿ ಬಿಡುತ್ತಿರಲಿಲ್ಲ. ಅತ್ತೆಯ ಮಾತು ಕೇಳಿ ಹುಗ್ಗಿ ತಿರುವಲು ಹೋಗುತ್ತಿದ್ದೆ.

ಈ ಬಿಲ್ಲೆಯ ವಿಷಯವನ್ನೆಲ್ಲ ಅತ್ತೆಗೆ ವಿವರಿಸಿದೆ. ಅವರಿಗೀಗ ಎರಡೂ ಕಿವಿ ಮಂದ, ಹತ್ತಿರ ಕೂತು ಹೇಳಬೇಕು. ಎಲ್ಲ ಕೇಳಿ, "ಹೇಳೋದು ಹೇಳ್ತೈತಿ. ಬಾಯಿಗೆ ಇಡಾಕ ಮನ್ಯಾಗ ಯಾರರ ಅದಾರೇನು ಅಂತ ಕೇಳ್ತೈತೇನು?" ಎಂದರು.

"ಯಾರಿಗೆ ಫೋನ್ ಮಾಡ್ಬೇಕು ಅಂತ ಕೇಳ್ತೈತ್ರಿ."

"ಹಂಗಾರ ನಾನು ಅದೀನಿ ಅಂತ ಅದರಾಗ ಬರಿ."

ತುರ್ತಿಗೆ ಕರೆಯಬೇಕಾದವರು ಎಂಬಲ್ಲಿ ಯಜಮಾನರ ಹೆಸರಿತ್ತು. ಅದರ ಮೇಲೆ ಅತ್ತೆಯ ಹೆಸರು ಬರೆದೆ. ನಂಬರು ಹಾಕದೆ ಒಪ್ಪುವುದಿಲ್ಲ ಎಂದಿತು ಫೋನು. ಅವರ ಹತ್ತಿರ ಫೋನಿಲ್ಲ, ನನ್ನದೇ ನಂಬರು ಹಾಕಿದೆ. ಹಗಲೆಲ್ಲ ಅವರು ಕೂರುವುದು ನನ್ನ ಪಕ್ಕದಲ್ಲೇ.