ಮರಿಯನ್ನು ಎತ್ತದ ತಾಯಿ

ಹಾರ್ಮೋನು ಮತ್ತು ವರ್ತನೆಯ ಕುರಿತ ಸಮ್ಮೇಳನ ಆ ವರ್ಷ ಮಣಿಪಾಲದಲ್ಲೇ ನಡೆಯಿತು. ಹೊಸ ಸಂಶೋಧಕರಿಗೆ ಬಂದುಹೋಗುವ ಖರ್ಚು ಕೊಡುತ್ತಿದ್ದರು. ಉಳಿದವರೆಲ್ಲ ವಿಮಾನದಲ್ಲಿ ಬರುವವರು; ನನ್ನ ಅರ್ಜಿಯಲ್ಲಿ ಮಾತ್ರ ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಕೈಕೂಸು ಇರುವವರಿಗೆ ಬೇರೆ ಅನುಕೂಲವೂ ಇತ್ತು. ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ಕರೆತರಬಹುದು, ಉಳಿಯಲು ಅತಿಥಿಗೃಹ, ಸಭಾಂಗಣದ ಪಕ್ಕದಲ್ಲೇ ತೊಟ್ಟಿಲಿಟ್ಟ ಕೋಣೆ. ಅರ್ಜಿ ತುಂಬಿದ್ದು ನಾನಲ್ಲ, ನಮ್ಮ ಗೈಡ್ ಮೇಡಂ. ನನಗೆ ಆಗ ಒಂದು ಲೋಟ ನೀರು ಕುಡಿಯುವುದಕ್ಕೂ ಯಾರಾದರೂ ಹೇಳಬೇಕಿತ್ತು.

ಮಗಳು ಹುಟ್ಟಿ ಐದು ತಿಂಗಳಾಗಿತ್ತು. ಅವಳನ್ನು ನೋಡಿದರೆ ನನಗೆ ಏನೂ ಅನಿಸುತ್ತಿರಲಿಲ್ಲ. ಸಿಟ್ಟಿಲ್ಲ, ದುಃಖವೂ ಇಲ್ಲ. ಬಾಣಂತನಕ್ಕೆ ಕಾರ್ಕಳದ ತವರಿನಲ್ಲಿದ್ದಾಗ ಅಮ್ಮ ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಸುರಿದಿದ್ದಳು. ಚರ್ಮ ಕೆಂಪಾಯಿತು, ಅಷ್ಟೇ. ಕಾಪುವಿನ ಗಂಡನ ಮನೆಗೆ ಬಂದ ಮೇಲೆ, ಮಗು ಅತ್ತರೆ ನಾನು ಏಳುವ ಮೊದಲೇ ಅತ್ತೆ ಎತ್ತಿಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಏಳುತ್ತಲೇ ಇರಲಿಲ್ಲ. ತಂದು ಮಡಿಲಲ್ಲಿಟ್ಟರೆ ಹಾಲು ಕುಡಿಸುತ್ತಿದ್ದೆ. ಡಾಕ್ಟರು ಕೊಟ್ಟ ಮಾತ್ರೆ ಮೆದುಳಿನಲ್ಲಿ ಏನು ಮಾಡುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಉಪಯೋಗವಾಗಲಿಲ್ಲ.

ತಮಾಷೆ ಎಂದರೆ, ನನ್ನ ಸಂಶೋಧನೆಯೇ ತಾಯ್ತನದ ಮೇಲೆ. ಹೆತ್ತ ಇಲಿಯ ಗೂಡಿನಿಂದ ಮರಿಗಳನ್ನು ತೆಗೆದು ಪಂಜರದ ಮೂಲೆಗಳಲ್ಲಿ ಇಡುತ್ತೇವೆ. ನಮ್ಮ ಕೈವಾಸನೆ ತಾಗಬಾರದೆಂದು ಗ್ಲೌಸಿಗೆ ಮೊದಲು ಗೂಡಿನ ಹೊಟ್ಟು ತಿಕ್ಕಿಕೊಳ್ಳುತ್ತೇವೆ. ತಾಯಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಗೂಡಿಗೆ ತರುತ್ತದೆ. ಬೇಗ ತಂದರೆ ಒಳ್ಳೆಯ ತಾಯಿ. ಒತ್ತಡದಲ್ಲಿ ಬೆಳೆದ ಒಂದು ಇಲಿ ಮಾತ್ರ ಕೂತಲ್ಲೇ ಕೂತು ಮುಖ ಉಜ್ಜಿಕೊಳ್ಳುತ್ತಿತ್ತು. ಬಸುರಿಯಾಗಿದ್ದ ನಾನು ‘ಎತ್ತಲಿಲ್ಲ’ ಎಂದು ಗುರುತು ಹಾಕಿಕೊಂಡು, ಮನಸ್ಸಿನಲ್ಲೇ ಅದನ್ನು ಬೈದಿದ್ದೆ.

ಈ ಕೆಲಸದ ಬಗ್ಗೆಯೇ ನಾನು ಹತ್ತು ನಿಮಿಷ ಮಾತಾಡಬೇಕಿತ್ತು. ಆಗುವುದಿಲ್ಲ, ಬೇರೆ ಯಾರನ್ನಾದರೂ ಕಳಿಸಿ ಎಂದು ಮೇಡಂಗೆ ಫೋನು ಮಾಡಿದೆ.

“ಆಗದಿದ್ದರೆ ವೇದಿಕೆ ಮೇಲೆ ನಿಂತು ಆಗುವುದಿಲ್ಲ ಅಂತ ಹೇಳು. ಕಾಪುವಿನಲ್ಲಿ ಮಲಗಿಕೊಂಡು ಹೇಳಬೇಡ” ಎಂದರು.

ಈ ಸಲ ತಪ್ಪಿಸಿದರೆ ನಾನು ಮತ್ತೆ ಪ್ರಯೋಗಾಲಯಕ್ಕೆ ಕಾಲಿಡುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಗುವನ್ನು ನೋಡಿಕೊಳ್ಳಲು ಅಮ್ಮ ಕಾರ್ಕಳದಿಂದ ಹಿರಿಯಡ್ಕದ ದಾರಿಯ ಬಸ್ಸಿನಲ್ಲಿ ಬಂದಳು. ಜರಿಯಂಚಿನ ಸೀರೆ, ಒಂದು ಥರ್ಮಸ್ಸು, ಯಾರೂ ಕೇಳದಿದ್ದರೂ ಮಗುವಿಗೆಂದು ಕಾಯಿಸಿ ತಂದ ರಾಗಿ ಮಣ್ಣಿ. ಮಗುವಿನ ಕೆನ್ನೆಗೆ ದೊಡ್ಡ ಕಾಡಿಗೆ ಬೊಟ್ಟು ಇಟ್ಟಳು. ತೊಟ್ಟಿಲ ಕೋಣೆ ತೋರಿಸಿ, ಇಲ್ಲೇ ಇರು ಎಂದು ಹೇಳಿ ಹೋದೆ. ವೇದಿಕೆ ಹತ್ತಿ ನೋಡುತ್ತೇನೆ, ಮೊದಲನೇ ಸಾಲಿನಲ್ಲಿ, ವಿದೇಶಿ ಪ್ರಾಧ್ಯಾಪಕರ ನಡುವೆ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ ಕೂತಿದ್ದಾಳೆ. ನಮ್ಮ ಕಡೆ ಯಾವ ಸಭೆಯಾದರೂ ವೇದಿಕೆಯ ಮೇಲಿನವರ ಮನೆಯವರು ಎದುರಿನ ಸಾಲಿನಲ್ಲೇ ಕೂರಬೇಕು. ಹಿಂದೆ ಕೂತರೆ ಮುನಿಸಿಕೊಂಡಿದ್ದಾರೆ ಎಂದು ಅರ್ಥ.

ಇಲಿಯ ವೀಡಿಯೊ ಬರುವ ಹೊತ್ತಿಗೆ ಸರಿಯಾಗಿ ಮಗು ಅತ್ತಿತು. ಪರದೆಯ ಮೇಲೆ ಆ ತಾಯಿ ಮುಖ ಉಜ್ಜಿಕೊಳ್ಳುತ್ತಿತ್ತು, ಕೆಳಗೆ ನಾನು ವಿವರಿಸುತ್ತಿದ್ದೆ. ಯಾರೋ ನಕ್ಕರು. ಅಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದಳು. ನನ್ನ ದನಿ ಎಲ್ಲೂ ನಡುಗಲಿಲ್ಲ. ಅದಕ್ಕೆ ಆಮೇಲೆ ಮೆಚ್ಚುಗೆಯೂ ಬಂತು.

ಭಾಷಣ ಮುಗಿದಾಗ ಹಿರಿಯ ವಿಜ್ಞಾನಿಯೊಬ್ಬರು ಎದ್ದು ಇಂಗ್ಲಿಷಿನಲ್ಲಿ ಕೇಳಿದರು, ಎತ್ತದ ಆ ತಾಯಿಯ ಮರಿಗಳು ಏನಾದವು?

ನನ್ನ ಯಾವ ಸ್ಲೈಡಿನಲ್ಲೂ ಅದು ಇರಲಿಲ್ಲ.

“ಬದುಕಿದವು” ಎಂದೆ. “ಪ್ರಯೋಗ ಮುಗಿದ ಮೇಲೆ ನಾವೇ ಗೂಡಿಗೆ ಹಾಕಿದೆವು. ಅದು ಬಂದು ಅವುಗಳ ಮೇಲೆ ಬಗ್ಗಿ ನಿಂತು ಹಾಲು ಕೊಟ್ಟಿತು. ಎಲ್ಲಾ ಮರಿಗಳೂ ಬೆಳೆದವು.”

“ಮತ್ತೆ ಅದನ್ನೇಕೆ ತೋರಿಸಲಿಲ್ಲ?”

“ನಾವು ಅಳೆದದ್ದು ಎತ್ತುವುದನ್ನು ಮಾತ್ರ.”

ಸಭೆಯಲ್ಲಿ ಇನ್ನೊಂದು ಕೈ ಮೇಲೆದ್ದಿತು. ಗೋಡೆಯಾಚೆಯಿಂದ ಅಳು ಇನ್ನೂ ಕೇಳುತ್ತಿತ್ತು. ಮೈಕನ್ನು ವೇದಿಕೆಯ ಪಕ್ಕದಲ್ಲಿದ್ದ ಮೇಡಂ ಕೈಗೆ ಕೊಟ್ಟು ಇಳಿದೆ.

ತೊಟ್ಟಿಲ ಕೋಣೆಯಲ್ಲಿ ಅಮ್ಮ ಮಗುವನ್ನು ಎತ್ತಿಕೊಂಡು ಆಚೆ ಈಚೆ ನಡೆಯುತ್ತಿದ್ದಳು.

“ಮಣ್ಣಿ ಬಾಯಿಗಿಟ್ಟರೆ ಉಗುಳ್ತದೆ ಮಾರಾಯ್ತಿ. ನಿನ್ನದು ಮುಗೀತಾ?”

“ಇಲ್ಲ.”

“ಮತ್ತೆ ಎಂತಕ್ಕೆ ಬಂದದ್ದು? ಅಲ್ಲಿ ಜನ ಎಲ್ಲ ಕೂತಿದ್ದಾರಲ್ವಾ?”

“ಕೊಡು” ಎಂದು ಕೈ ಚಾಚಿದೆ.

ಅಮ್ಮ ಕೂಡಲೇ ಕೊಡಲಿಲ್ಲ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೊಟ್ಟಳು. ನಾನು ಕುರ್ಚಿಯಲ್ಲಿ ಕೂತೆ, ಮಗು ಹಾಲು ಕುಡಿಯತೊಡಗಿತು. ಆಗಲೂ ನನಗೆ ಏನೂ ಅನಿಸಲಿಲ್ಲ. ಅನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅವಳನ್ನು ಯಾರೂ ತಂದು ಮಡಿಲಲ್ಲಿ ಇಟ್ಟಿರಲಿಲ್ಲ. ನಾನೇ ಎದ್ದು ಬಂದಿದ್ದೆ.